ಕೊಟ್ಟಿಗೆಯಲ್ಲಿ ಹೆಗ್ಗಣ, ಅಟ್ಟದಲ್ಲಿ ಇಲಿ, ಮನೆಯಲ್ಲಿ ಮಗು: ಪಾಷಾಣ ಇಡದೆ ದಾರಿ ಇದೆಯೇ?

ಕೆಳಗಿನಗದ್ದೆ (ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಎಕರೆ ಹತ್ತು ಗುಂಟೆ. ಒಂದೂಕಾಲು ಎಕರೆ ಅಡಿಕೆ, ಉಳಿದದ್ದು ಗದ್ದೆ. ಎರಡು ಹಸು, ಹದಿನೈದಿಪ್ಪತ್ತು ನಾಟಿ ಕೋಳಿ, ಒಂದು ನಾಯಿ, ಮೂರು ವರ್ಷದ ಮಗಳು. ಮಳೆಗಾಲ ಹಿಡಿದಾಗ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಬುಟ್ಟಿಯಷ್ಟು ಹೊಸ ಮಣ್ಣು ಕಂಡಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಹಿಂಡಿಯ ಚೀಲ ತೂತಾಯಿತು, ಅಟ್ಟದ ಮೇಲೆ ರಾತ್ರಿಯಿಡೀ ಓಡಾಟ ಶುರುವಾಯಿತು, ಹೋದ ವಾರ ಒಂದೇ ರಾತ್ರಿ ಏಳು ಕೋಳಿಮರಿ ಮಾಯ. ಗದ್ದೆಯಲ್ಲಿ ಭತ್ತ ಹೊಡೆಗೆ ಬಂದಿದೆ. ನಡುನಡುವೆ ಕತ್ತಿಯಲ್ಲಿ ಓರೆಯಾಗಿ ಕೊಯ್ದಂತೆ ದಂಟುಗಳು ಬಿದ್ದಿವೆ.

ಪೇಟೆಯ ಅಂಗಡಿಯಲ್ಲಿ ಕೇಳಿದ್ದಕ್ಕೆ ಕಪ್ಪು ಪುಡಿಯ ಪೊಟ್ಟಣವೊಂದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, "ಅನ್ನಕ್ಕೆ ಕಲಸಿ ಇಡಿ, ಅಷ್ಟೇ" ಎಂದು ಕೊಟ್ಟರು. ಅತ್ತೆಯವರು ಅದನ್ನು ಹೊಸಿಲು ದಾಟಿಸಲು ಬಿಡಲಿಲ್ಲ. ಪೊಟ್ಟಣ ಇನ್ನೂ ಸ್ಕೂಟರಿನ ಡಿಕ್ಕಿಯಲ್ಲೇ ಇದೆ. ಅದನ್ನು ಬಳಸದೆ ಏನಾದರೂ ಮಾಡಬಹುದೇ? ಬಳಸಲೇಬೇಕೆಂದರೆ ಹೇಗೆ?

ಕಬ್ಬಿನಗದ್ದೆ (ಮಂಡ್ಯ)

ಅಣ್ಣ, ಇಷ್ಟಕ್ಕೆಲ್ಲ ಚರ್ಚೆ ಯಾಕೆ? ಹಣ್ಣಿನೊಳಗೆ ಥಿಮೆಟ್ ಕಾಳು ಸೇರಿಸಿ ಬದುವಿನ ಮೇಲೆ ಇಡಿ. ಬೆಳಗಾಗುವಷ್ಟರಲ್ಲಿ ಲೆಕ್ಕ ಚುಕ್ತಾ. ನಮ್ಮ ತಂದೆಯವರ ಕಾಲದಿಂದ ಮಾಡುತ್ತಾ ಬಂದಿದ್ದೇವೆ.

ಪಶುವೈದ್ಯೆ

ದಯವಿಟ್ಟು ಮೇಲಿನ ಸಲಹೆಯನ್ನು ಯಾರೂ ಪಾಲಿಸಬೇಡಿ. ಥಿಮೆಟ್ ಎಂದರೆ ಫೋರೇಟ್. ಅದು ಇಲಿ ಪಾಷಾಣವಲ್ಲ, ಬೆಳೆಯ ಕೀಟಕ್ಕೆಂದು ಮಾಡಿದ ಕಡು ವಿಷ. 2020ರ ಕೊನೆಗೆ ದೇಶದಲ್ಲಿ ಅದರ ಮಾರಾಟ, ಬಳಕೆ ಎರಡೂ ನಿಷೇಧವಾದವು. ಬದುವಿನ ಮೇಲಿಟ್ಟ ಹಣ್ಣನ್ನು ಇಲಿಯೇ ತಿನ್ನಬೇಕೆಂಬ ನಿಯಮವೇನೂ ಇಲ್ಲ. ಹಸು ತಿಂದದ್ದನ್ನು ನೋಡಿದ್ದೇನೆ. ನವಿಲು ತಿಂದದ್ದನ್ನೂ ನೋಡಿದ್ದೇನೆ. ಶಾಲೆಯಿಂದ ಬರುವ ಮಕ್ಕಳು ದಾರಿಯಲ್ಲಿ ಬಾಳೆಹಣ್ಣು ಕಂಡರೆ ಏನು ಮಾಡುತ್ತಾರೆ ಎಂದು ಒಮ್ಮೆ ಯೋಚಿಸಿ.

ಕೆಳಗಿನಗದ್ದೆಯವರಿಗೆ: ನಿಮ್ಮಲ್ಲಿರುವ ಕಪ್ಪು ಪುಡಿ ಬಹುಶಃ ಸತುವಿನ ಫಾಸ್ಫೈಡ್, ಅಂದರೆ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದೊಡನೆ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಮೊದಲು ಅದನ್ನು ಡಿಕ್ಕಿಯಿಂದ ತೆಗೆದು, ಒದ್ದೆಯಾಗದ, ಬೀಗ ಹಾಕುವ ಪೆಟ್ಟಿಗೆಯಲ್ಲಿ ಮನೆಯ ಹೊರಗೆ ಎತ್ತರದಲ್ಲಿಡಿ. ಉಳಿದ ಮಾತು ಆಮೇಲೆ.

ಕೆಳಗಿನಗದ್ದೆ

ತೆಗೆದಿಟ್ಟೆ. ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದೆ. (ಮಂಡ್ಯದವರೇ, ನಾನು ಅಣ್ಣನಲ್ಲ.)

ಕಬ್ಬಿನಗದ್ದೆ

ಕ್ಷಮಿಸಿ ಅಕ್ಕ. ನಿಷೇಧವಾಗಿದೆ ಎಂದು ಗೊತ್ತಿರಲಿಲ್ಲ. ನಮ್ಮ ಕಡೆ ಹೆಸರು ಹೇಳಿದರೆ ಈಗಲೂ ಒಳಗಿನಿಂದ ತಂದು ಕೊಡುತ್ತಾರೆ.

ಹಳೆಯ ಕೃಷಿ ಸಹಾಯಕ

ಮೂವತ್ತೊಂದು ವರ್ಷ ಇಲಾಖೆಯ ಕೆಲಸ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ತಂಗಿ, ನಿಮ್ಮ ಮನೆಯಲ್ಲಿರುವುದು ಒಂದು ಜಾತಿಯಲ್ಲ, ಎರಡು. ಮಣ್ಣು ಗುಡ್ಡೆ ಹಾಕುವುದು ಹೆಗ್ಗಣ. ಅದು ನೆಲದ ಪ್ರಾಣಿ, ತೋಡುವುದರಲ್ಲಿ ಗಟ್ಟಿಗ, ಹತ್ತುವುದರಲ್ಲಿ ಅಷ್ಟಕ್ಕಷ್ಟೇ. ಬಿಲದ ಬಾಯಿಗೆ ತಾನೇ ಸಡಿಲ ಮಣ್ಣು ತಳ್ಳಿ ಮುಚ್ಚಿಕೊಳ್ಳುತ್ತದೆ. ಗದ್ದೆಯಲ್ಲಿ ದಂಟು ಕತ್ತರಿಸಿ, ತೆನೆಯನ್ನು ಬಿಲದೊಳಗೆ ಕೂಡಿಡುವುದೂ ಹೆಚ್ಚಾಗಿ ಅದೇ. ಅಟ್ಟದಲ್ಲಿ ಓಡುವುದು ಮನೆಯ ಕಪ್ಪಿಲಿ. ತೆಳ್ಳಗೆ, ಮೈಗಿಂತ ಉದ್ದದ ಬಾಲ, ತಂತಿಯ ಮೇಲೂ ನಡೆಯುತ್ತದೆ. ಹೆಗ್ಗಣಕ್ಕೆಂದು ಅಟ್ಟದಲ್ಲಿ ಬೋನಿಟ್ಟರೂ, ಕಪ್ಪಿಲಿಗೆಂದು ಬಿಲ ಅಗೆದರೂ ಗುಡ್ಡ ಅಗೆದು ಇಲಿ ಹಿಡಿದ ಕಥೆಯೇ. ಇಲಿಯೂ ಸಿಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಮೂತಿ ಚೂಪಾಗಿದ್ದು, ಗೋಡೆಯ ಪಕ್ಕ ಚಿಕ್ ಚಿಕ್ ಎನ್ನುತ್ತಾ ಕೆಟ್ಟ ವಾಸನೆ ಬಿಟ್ಟು ಓಡುವುದು ಮೂಗಿಲಿ. ಅದನ್ನು ಕೊಲ್ಲಬೇಡಿ. ಅದು ಜಿರಲೆ, ಹುಳು ತಿನ್ನುತ್ತದೆ, ನಿಮ್ಮ ಹಿಂಡಿಯ ಗೊಡವೆ ಅದಕ್ಕಿಲ್ಲ.

ಇನ್ನು ಎಣಿಕೆ. ಸಂಜೆ ಕಣ್ಣಿಗೆ ಬಿದ್ದ ಬಿಲಗಳನ್ನೆಲ್ಲ ಹಸಿಮಣ್ಣಿನಿಂದ ಮುಚ್ಚಿ. ಬೆಳಗ್ಗೆ ಯಾವುವು ತೆರೆದಿವೆಯೋ ಅವಷ್ಟೇ ಇಲಿ ಇರುವ ಬಿಲ. ಮನೆಯೊಳಗೆ ಗೋಡೆಯ ಬುಡಕ್ಕೆ ಒಲೆಯ ಬೂದಿ ಉದುರಿಸಿ ಮಲಗಿ. ಹೆಜ್ಜೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬೆಳಗ್ಗೆ ಕಾಣುತ್ತದೆ. ಇದಿಷ್ಟನ್ನು ಮಾಡದೆ ಪಾಷಾಣ ಇಡುವವರೇ ಹೆಚ್ಚು. ಅವರು ಇಲಿಗೆ ಮದ್ದು ಹಾಕುತ್ತಿಲ್ಲ, ತಮ್ಮ ಸಿಟ್ಟಿಗೆ ಹಾಕುತ್ತಿದ್ದಾರೆ.

ಮೂರನೆಯದು, ಅವಕ್ಕೆ ನೀವೇ ಹಾಕುತ್ತಿರುವ ಊಟ. ಒಂದು ಇಲಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಗ್ರಾಂ ಕಾಳು ಸಾಕು. ಗಬ್ಬವಾದ ಸುಮಾರು ಮೂರು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಎರಡು ಮೂರು ತಿಂಗಳಲ್ಲಿ ಮತ್ತೆ ಮರಿ ಹಾಕುತ್ತವೆ. ಹತ್ತು ಕೊಂದರೂ ಊಟ ಹಾಗೆಯೇ ಇದ್ದರೆ ಆ ಜಾಗಕ್ಕೆ ಹನ್ನೆರಡು ಬರುತ್ತವೆ. ಕೋಳಿಗೆ ಹಾಕಿದ ಕಾಳು ರಾತ್ರಿ ಉಳಿಯುತ್ತದೆಯೇ? ಹಿಂಡಿ ಚೀಲದಲ್ಲೇ ಇದೆಯೇ? ಹುಲ್ಲಿನ ಬಣವೆ ಗೋಡೆಗೆ ತಾಗಿದೆಯೇ? ಅಡಿಕೆ ಸಿಪ್ಪೆಯ ರಾಶಿ ಎಲ್ಲಿದೆ? ಮೊದಲು ಇವಕ್ಕೆ ಉತ್ತರ ಕೊಡಿ.

ಕೆಳಗಿನಗದ್ದೆ

ಉಳಿಯುತ್ತದೆ. ಚೀಲದಲ್ಲೇ ಇದೆ. ತಾಗಿದೆ. ಸಿಪ್ಪೆಯ ರಾಶಿ ಕೊಟ್ಟಿಗೆಯ ಹಿಂದೆ, ನಾಲ್ಕು ವರ್ಷದಿಂದ ಅಲ್ಲೇ ಇದೆ. ಬರೆಯಲು ನಾಚಿಕೆಯಾಗುತ್ತಿದೆ ರಾಯರೇ.

ಹಳೆಯ ಕೃಷಿ ಸಹಾಯಕ

ನಾಚಿಕೆ ಬೇಡ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಊರಿಗೆಲ್ಲ ಪಾಠ ಹೇಳಿ ಮನೆಗೆ ಬಂದರೆ ನನ್ನ ಅಟ್ಟದಲ್ಲೇ ಮೆರವಣಿಗೆ.

ಶೇಂಗಾಹೊಲ (ಧಾರವಾಡ ಜಿಲ್ಲೆ)

ನಮ್ಮ ಕಡೆ ಗಣೇಶ ಚೌತಿಯ ಮರುದಿನ ಇಲಿವಾರ ಆಚರಿಸುವ ಮನೆಗಳಿವೆ. ಗಣಪನ ವಾಹನಕ್ಕೂ ಒಂದು ದಿನದ ಎಡೆ. ನಮ್ಮಜ್ಜಿ ಎಡೆ ಇಟ್ಟು ಕೈ ಮುಗಿದು, ಮರುದಿನದಿಂದ ಬಡಿಗೆ ಹಿಡಿದು ಅಟ್ಟಾಡಿಸುತ್ತಿದ್ದಳು. ಎರಡರಲ್ಲೂ ಆಕೆಗೆ ಶ್ರದ್ಧೆ ಇತ್ತು.

ನಾನು ಹೇಳಲು ಬಂದದ್ದು ಬೇರೆ. ಒಬ್ಬರೇ ಮಾಡಿದರೆ ಇದು ಆಗುವುದಿಲ್ಲ. ನಮ್ಮ ಶೇಂಗಾ ಹೊಲದಲ್ಲಿ ಎರಡು ವರ್ಷ ನಾನೊಬ್ಬನೇ ಬಿಲ ಮುಚ್ಚಿ, ಬೋನು ಇಟ್ಟು ಒದ್ದಾಡಿದೆ. ಹದಿನೈದು ದಿನಕ್ಕೆ ಪಕ್ಕದ ಬದುವಿನಿಂದ ಹೊಸ ಸಂಸಾರ ಬರುತ್ತಿತ್ತು. ಮೂರನೆಯ ವರ್ಷ ಹಳ್ಳದ ಈಚೆಯ ಒಂಬತ್ತು ಮನೆಯವರು ಮಾತಾಡಿಕೊಂಡು, ಬೆಳೆ ಇಲ್ಲದ ಬೇಸಿಗೆಯಲ್ಲಿ ಒಂದೇ ವಾರ ಎಲ್ಲ ಬದುಗಳನ್ನೂ ಅಗೆದೆವು. ಒಂದು ಬಿಲದಲ್ಲಿ ಎರಡು ಸೇರಿಗೂ ಹೆಚ್ಚು ಶೇಂಗಾ ಸಿಕ್ಕಿತು, ಸಿಪ್ಪೆ ಸಮೇತ, ಒಪ್ಪವಾಗಿ ಜೋಡಿಸಿಟ್ಟದ್ದು. ನಮ್ಮ ಗೋದಾಮು ಕೂಡ ಅಷ್ಟು ಚೆನ್ನಾಗಿರಲಿಲ್ಲ. ಬೇಸಿಗೆಯಲ್ಲಿ ತಿನ್ನಲು ಕಡಿಮೆ, ಸಂಖ್ಯೆಯೂ ಕಡಿಮೆ. ಆಗ ಒಂದು ಹಿಡಿದರೆ ಸುಗ್ಗಿಯಲ್ಲಿ ಇಪ್ಪತ್ತು ಹಿಡಿದಂತೆ.

ಇನ್ನೊಂದು ಮಾತು. ಬದುಗಳನ್ನು ದಪ್ಪ ಮಾಡಬೇಡಿ. ಅಗಲವಾದ, ಎತ್ತರದ ಬದು ಹೆಗ್ಗಣಕ್ಕೆ ಕಟ್ಟಿಕೊಟ್ಟ ಮನೆ. ನೀರು ನಿಲ್ಲುವಷ್ಟಿದ್ದರೆ ಸಾಕು, ಅದರ ಮೇಲಿನ ಹುಲ್ಲೂ ಕೊಯ್ದಿರಲಿ.

ಕಬ್ಬಿನಗದ್ದೆ

ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ, ಬದುವಿನಲ್ಲಿದ್ದರೆ ಇಲಿ ಬರುವುದಿಲ್ಲ ಎನ್ನುತ್ತಾರಲ್ಲ? ಸುಳ್ಳೇ?

ಹಳೆಯ ಕೃಷಿ ಸಹಾಯಕ

ಆ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಎಂದು. ಅದರ ತವರಾದ ಮಧ್ಯ ಅಮೆರಿಕದಲ್ಲಿ ತೊಗಟೆ, ಬೀಜ ಅರೆದು ಕಾಳಿಗೆ ಬೆರೆಸಿ ಇಲಿಗೆ ಇಡುತ್ತಿದ್ದರು. ಬದುವಿನಲ್ಲಿ ಗಿಡ ನಿಂತ ಮಾತ್ರಕ್ಕೆ ಏನೂ ಆಗುವುದಿಲ್ಲ. ಅದರ ಬುಡದಲ್ಲೇ ಬಿಲ ತೋಡಿದ್ದನ್ನು ತೋರಿಸುತ್ತೇನೆ, ಬನ್ನಿ. ಸೊಪ್ಪನ್ನು ಗದ್ದೆಗೆ ತುಳಿಯಿರಿ, ಅದರ ಉಪಯೋಗ ಅಲ್ಲಿದೆ.

ಕರಾವಳಿತೆಂಗು (ಕುಂದಾಪುರ)

ತೆಂಗಿನ ಮರ ಹತ್ತುವ ಇಲಿಗೆ ನಮ್ಮಲ್ಲಿ ತಗಡಿನ ಪಟ್ಟಿ ಕಟ್ಟುತ್ತೇವೆ. ನೆಲದಿಂದ ಎರಡು ಮೀಟರ್ ಎತ್ತರದಲ್ಲಿ, ಒಂದೂವರೆ ಅಡಿ ಅಗಲ, ಕಾಂಡಕ್ಕೆ ಬಿಗಿಯಾಗಿ. ಉಗುರು ಜಾರುತ್ತದೆ, ಮೇಲೆ ಹೋಗಲಾರದು. ಆದರೆ ಪಕ್ಕದ ಮರದ ಗರಿ ತಾಗುತ್ತಿದ್ದರೆ ಪಟ್ಟಿಗೆ ಹಾಕಿದ ದುಡ್ಡು ನೀರಿಗೆ ಹಾಕಿದಂತೆ, ಅವು ಗರಿಯಿಂದ ಗರಿಗೆ ದಾಟುತ್ತವೆ. ನಾನು ಹದಿನೆಂಟು ಮರಕ್ಕೆ ಪಟ್ಟಿ ಕಟ್ಟಿದ ಮೇಲೆ ಇದು ಗೊತ್ತಾಯಿತು. ನಿಮ್ಮ ಅಟ್ಟಕ್ಕೂ ಅದೇ ಲೆಕ್ಕ: ಮಾಡಿಗೆ ತಾಗುವ ಕೊಂಬೆ ಇದ್ದರೆ ಮೊದಲು ಅದನ್ನು ಕಡಿಯಿರಿ.

ಪಶುವೈದ್ಯೆ

ಪಾಷಾಣದ ಬಗ್ಗೆ ಹೇಳುತ್ತೇನೆಂದಿದ್ದೆ. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ.

ಜಿಂಕ್ ಫಾಸ್ಫೈಡ್ ಬಗ್ಗೆ ಹೇಳಿದೆ. ಅದನ್ನು ತಿಂದ ನಾಯಿ ಕೆಲವೇ ಗಂಟೆಗಳಲ್ಲಿ ವಾಂತಿ ಮಾಡುತ್ತದೆ, ವಾಂತಿಗೆ ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆ. ಆಗ ಹಾಲು, ಅನ್ನ ಕುಡಿಸಬೇಡಿ. ಹೊಟ್ಟೆಗೆ ಆಹಾರ ಬಿದ್ದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಕಾರಿನ ಕಿಟಕಿ ತೆರೆದಿಟ್ಟು ತನ್ನಿ, ಆ ವಾಂತಿಯ ಗಾಳಿ ನಿಮಗೂ ಅಪಾಯ.

ಬ್ರೋಮಾಡಿಯೊಲೋನ್ ಮೇಣದ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಇಲಿ ಸಾಯಲು ನಾಲ್ಕರಿಂದ ಏಳು ದಿನ ಬೇಕು. ಇದಕ್ಕೆ ವಿಟಮಿನ್ ಕೆ1 ಎಂಬ ಪ್ರತಿವಿಷ ಇದೆ. ಜನ ಮೋಸ ಹೋಗುವುದೂ ಇಲ್ಲೇ. ತಿಂದ ದಿನ ನಾಯಿ ಚೆನ್ನಾಗಿಯೇ ಇರುತ್ತದೆ. ಮೂರು ನಾಲ್ಕು ದಿನದ ಮೇಲೆ ಒಸಡು ಬಿಳಿಚಿಕೊಳ್ಳುತ್ತದೆ, ಮೂಗಿನಲ್ಲಿ ರಕ್ತ, ಉಸಿರು ಭಾರ. ತಿಂದದ್ದು ಗೊತ್ತಾದ ದಿನವೇ ಕರೆತಂದರೆ ಉಳಿಸಬಹುದು, ಔಷಧಿ ವಾರಗಟ್ಟಲೆ ನಡೆಯುತ್ತದೆ. ಬರುವಾಗ ಪೊಟ್ಟಣದ ಹೊದಿಕೆಯನ್ನೂ ತನ್ನಿ.

ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟನ್ನು ಮನೆಗೆ ತರಲೇಬೇಡಿ. ಮನುಷ್ಯರು ತಿಂದರೆ ಒಂದೆರಡು ದಿನ ಸುಧಾರಿಸಿದಂತೆ ಕಂಡು, ಆಮೇಲೆ ಯಕೃತ್ತೇ ಕೈಕೊಡುತ್ತದೆ. ಅದಕ್ಕೂ ಪ್ರತಿವಿಷ ಇಲ್ಲ.

ಕಾಳಿನ ಚೀಲದ ಮಧ್ಯೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಬಿಲಕ್ಕೆ ಹಾಕುವವರಿದ್ದಾರೆ. ತರಬೇತಿ ಇಲ್ಲದವರು ಅದನ್ನು ಮುಟ್ಟುವಂತಿಲ್ಲ. ಮನೆಯ ಹತ್ತಿರದ ಬಿಲಕ್ಕೆ ಹಾಕಿದರೆ ಅನಿಲ ಗೋಡೆಯ ಬಿರುಕಿನಿಂದ ಒಳಗೆ ಬರುತ್ತದೆ. ಮಲಗಿದವರು ಏಳದೇ ಹೋದ ಪ್ರಕರಣಗಳಿವೆ.

ಮನೆಯಾಕೆ (ತೀರ್ಥಹಳ್ಳಿ)

ನನ್ನ ಅನುಭವ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಎರಡು ವರ್ಷದ ಹಿಂದೆ ನಾವು ಬಿಲ್ಲೆ ಇಟ್ಟೆವು. ನಾಯಿಗೆ ಸಿಗದಂತೆ ಮರದ ಪೆಟ್ಟಿಗೆಯೊಳಗೇ ಇಟ್ಟಿದ್ದೆವು. ನಾಯಿ ಬಿಲ್ಲೆ ತಿನ್ನಲಿಲ್ಲ, ಸತ್ತ ಇಲಿಗಳನ್ನು ತಿಂದಿತ್ತು. ಒಂದಲ್ಲ, ಎಷ್ಟೋ. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಬಿಲ್ಲೆ ಇಟ್ಟವರು ಬೆಳಗ್ಗೆ ಸಂಜೆ ಸುತ್ತು ಹಾಕಿ ಸತ್ತದ್ದನ್ನು ಹೆಕ್ಕಿ ಹೂಳಬೇಕಂತೆ. ಇದನ್ನು ನಮಗೆ ಆಗ ಯಾರೂ ಹೇಳಿರಲಿಲ್ಲ.

ಇನ್ನೊಂದು. ಅದೇ ವರ್ಷ ನಮ್ಮವರಿಗೆ ಇಲಿ ಜ್ವರ ಬಂತು. ಹೆಗ್ಗಣದ ಉಚ್ಚೆ ಸೇರಿದ ಗದ್ದೆ ನೀರು, ಕಾಲಿನಲ್ಲಿ ಬಿರುಕು, ಅಷ್ಟು ಸಾಕು. ಮೊದಲು ಜ್ವರ, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು, ಕಣ್ಣು ಕೆಂಪು. ಮೊದಲು ತೋರಿಸಿದ ಕಡೆ ವೈರಲ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕನೆಯ ದಿನ ಕಣ್ಣು ಹಳದಿಯಾಯಿತು. ಬೇರೆ ಕಡೆ ಸೇರಿಸಿ ಹನ್ನೊಂದು ದಿನ ಇದ್ದೆವು. ಈಗ ನಮ್ಮ ಮನೆಯಲ್ಲಿ ಗಂಬೂಟು ಇಲ್ಲದೆ ಯಾರೂ ಗದ್ದೆಗೆ ಇಳಿಯುವುದಿಲ್ಲ. ಸತ್ತ ಇಲಿಯನ್ನು ಬರಿಗೈಯಲ್ಲಿ ಬಾಲ ಹಿಡಿದು ಎಸೆಯುವ ಅಭ್ಯಾಸವೂ ನಿಂತಿತು. ಮಳೆಗಾಲದಲ್ಲಿ ಜ್ವರ ಬಂದರೆ, "ನಾನು ಗದ್ದೆ ಕೆಲಸ ಮಾಡುತ್ತೇನೆ, ಮನೆಯಲ್ಲಿ ಇಲಿ ಇದೆ" ಎಂದು ವೈದ್ಯರಿಗೆ ನೀವೇ ಮೊದಲು ಹೇಳಿ.

ಹಳೆಯ ಕೃಷಿ ಸಹಾಯಕ

ತಾಯಿ, ಹೇಳಿದ್ದು ಒಳ್ಳೆಯದಾಯಿತು. ನಮ್ಮ ಅಜ್ಜನ ಕಾಲದಲ್ಲಿ "ಇಲಿ ಬಿತ್ತು" ಎಂದರೆ ಊರು ಬಿಡುವುದು ಎಂದೇ ಅರ್ಥ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಹಳ್ಳಿಗಳಲ್ಲೂ ಎಷ್ಟೋ ವರ್ಷ ಇದೇ ನಡೆಯಿತು. ಸೂರಿನಿಂದ ಸತ್ತ ಇಲಿ ಬಿದ್ದರೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಈಗಲೂ ಇವೆ. ಭಯ ಹೋಯಿತು, ಸರಿ. ಅದರ ಜೊತೆ ಎಚ್ಚರವೂ ಹೋಯಿತು.

ಗೂಬೆಗೂಡು

ಯಾರೂ ಗೂಬೆಯ ಹೆಸರೆತ್ತಲಿಲ್ಲವಲ್ಲ! ಬಿಳಿ ಮುಖದ ಕಣಜ ಗೂಬೆ ರಾತ್ರಿಗೆ ಒಂದೆರಡು ಇಲಿ ತಿನ್ನುತ್ತದೆ, ಮರಿಗಳಿದ್ದರೆ ಇನ್ನೂ ಹೆಚ್ಚು ಹಿಡಿದು ತರುತ್ತದೆ. ಮಲೇಷ್ಯಾದ ತಾಳೆ ಎಣ್ಣೆ ತೋಟಗಳಲ್ಲಿ ಅದಕ್ಕೆಂದೇ ಪೆಟ್ಟಿಗೆ ಕಟ್ಟಿ ಸಾಕುತ್ತಾರೆ. ನಾವೋ, ಅದು ಮನೆಯ ಮೇಲೆ ಕೂತರೆ ಶಾಂತಿ ಮಾಡಿಸುತ್ತೇವೆ. ಗದ್ದೆಯಲ್ಲಿ ಅಲ್ಲಲ್ಲಿ ಟಿ ಆಕಾರದ ಕೋಲು ನೆಡಿ, ಬಂದು ಕೂರುತ್ತದೆ. ತೆನೆ ಹಣ್ಣಾಗುವಾಗ ಕೋಲು ಕಿತ್ತುಬಿಡಿ, ಇಲ್ಲದಿದ್ದರೆ ಹಗಲಲ್ಲಿ ಕಾಳು ತಿನ್ನುವ ಹಕ್ಕಿಗಳು ಅಲ್ಲೇ ಬೈಠಕ್ ಹಾಕುತ್ತವೆ. ಕೇರೆ ಹಾವನ್ನೂ ಹೊಡೆಯಬೇಡಿ. ವಿಷವಿಲ್ಲ, ಬಿಲದೊಳಕ್ಕೇ ನುಗ್ಗಿ ಹಿಡಿಯುತ್ತದೆ, ಕಾನೂನಿನ ರಕ್ಷಣೆಯೂ ಇದೆ. ಇಷ್ಟು ಮಾಡಿ ಬಿಲ್ಲೆಯನ್ನೂ ಇಟ್ಟರೆ ಅದೇ ವಿಷ ಗೂಬೆಯ ಹೊಟ್ಟೆಗೂ ಹೋಗುತ್ತದೆ. ಎರಡೂ ದೋಣಿಯಲ್ಲಿ ಕಾಲಿಡಲಾಗದು.

ಶೇಂಗಾಹೊಲ

ಗೂಬೆ ಒಳ್ಳೆಯದೇ, ಆದರೆ ಬಂದ ವರ್ಷವೇ ಇಲಿ ಖಾಲಿ ಎಂದು ಯಾರೂ ಲೆಕ್ಕ ಹಾಕಬಾರದು. ಇಲಿ ಹುಟ್ಟುವಷ್ಟು ಬೇಗ ಗೂಬೆ ಹುಟ್ಟುವುದಿಲ್ಲ. ಬೋನಿನ ಕೆಲಸ ಬಿಡುವಂತಿಲ್ಲ.

ಕೆಳಗಿನಗದ್ದೆ

ಬೋನಿನ ವಿಷಯಕ್ಕೆ ಬರೋಣ. ನಾವು ಮೂರು ದಿನ ತಂತಿ ಬೋನಿಟ್ಟೆವು, ತೆಂಗಿನಕಾಯಿ ಚೂರು ಸಿಕ್ಕಿಸಿದೆವು. ಒಂದೂ ಬೀಳಲಿಲ್ಲ. ಅಂಟಿನ ಹಲಗೆಗೆ ಎರಡು ಹಲ್ಲಿ, ಒಂದು ಗುಬ್ಬಚ್ಚಿ ಸಿಕ್ಕಿದವು. ಮಗಳು ಇಡೀ ದಿನ ಅತ್ತಳು. ಕಿವಿಗೆ ಕೇಳಿಸದ ಸದ್ದು ಮಾಡುವ ಯಂತ್ರವನ್ನೂ ನಮ್ಮವರು ಆನ್‌ಲೈನಿನಲ್ಲಿ ತರಿಸಿದ್ದರು. ಈಗ ಇಲಿ ಅದರ ಮೇಲೆಯೇ ಕೂತಿರುತ್ತದೆ.

ಹಳೆಯ ಕೃಷಿ ಸಹಾಯಕ

ಅಂಟಿನ ಹಲಗೆ ಒಲೆಗೆ ಹೋಗಲಿ. ಪ್ರಾಣಿ ಕಲ್ಯಾಣ ಮಂಡಳಿಯೇ ಅದು ಬೇಡವೆಂದಿದೆ. ಯಂತ್ರದ ಸದ್ದಿಗೆ ಅವು ಕೆಲವೇ ದಿನದಲ್ಲಿ ಒಗ್ಗಿಕೊಳ್ಳುತ್ತವೆ.

ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಬೋನನ್ನು ನಾಲ್ಕೈದು ದಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ತಿಂಡಿ ಇಟ್ಟು ಸುಮ್ಮನಿರಿ. ತಿಂದುಕೊಂಡು ಹೋಗಲಿ, ನೆಂಟರ ಮನೆ ಎನ್ನಿಸಲಿ. ಐದನೆಯ ರಾತ್ರಿ ಬಾಗಿಲು ಬಿಚ್ಚಿ. ಒಂದೆರಡಲ್ಲ, ಏಳೆಂಟು ಬೋನು ಒಟ್ಟಿಗೆ ಇಡಬೇಕು. ಜಾಗ ಮುಖ್ಯ: ಕೋಣೆಯ ನಡುವಲ್ಲ, ಬೂದಿಯಲ್ಲಿ ಹೆಜ್ಜೆ ಕಂಡ ಕಡೆ ಗೋಡೆಗೆ ಒತ್ತಿ. ಸುಟ್ಟ ಕೊಬ್ಬರಿ, ಒಣಮೀನು, ಈರುಳ್ಳಿ ಬಜ್ಜಿ, ಹುರಿದ ಶೇಂಗಾ, ಯಾವುದಕ್ಕೆ ಬೀಳುತ್ತವೆಂದು ಬದಲಿಸಿ ನೋಡಿ. ಕತ್ತರಿ ಬೋನು ಬಳಸಿದರೆ ಪೆಟ್ಟಿಗೆಯೊಳಗಿಡಿ, ಕೋಳಿಯ ಕಾಲು, ಮಗುವಿನ ಬೆರಳು ಎರಡೂ ಉಳಿಯಬೇಕು. ಬೆಳಗಾಗುತ್ತಲೇ ನೋಡಿ, ಬಿದ್ದದ್ದನ್ನು ಬಿಸಿಲಿನಲ್ಲಿ ಕೊಳೆಹಾಕಬೇಡಿ.

ಗದ್ದೆಗೆ ವಿದ್ಯುತ್ ತಂತಿ ಎಳೆಯುವ ಹುಚ್ಚು ಕೆಲವರಿಗಿದೆ. ಇಲಿಗೆಂದು ಎಳೆದ ತಂತಿಗೆ ಸತ್ತ ರೈತರ ಹೆಣವನ್ನು ನಾನು ನೋಡಿದ್ದೇನೆ. ಇದರ ಬಗ್ಗೆ ಇಷ್ಟೇ.

ಮನೆಯಾಕೆ

ಬೋನಿನಲ್ಲಿ ಜೀವಂತ ಬಿದ್ದದ್ದನ್ನು ಏನು ಮಾಡುತ್ತೀರಿ? ನಮ್ಮ ಮಾವನವರು ಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬರುತ್ತಾರೆ.

ಶೇಂಗಾಹೊಲ

ಹೊಳೆಯಾಚೆಯವರು ಏನು ಪಾಪ ಮಾಡಿದ್ದರು ಅಕ್ಕ? ಅವರೂ ಈಚೆ ತಂದು ಬಿಡುತ್ತಿರಬಹುದು, ಒಮ್ಮೆ ವಿಚಾರಿಸಿ.

ಪಶುವೈದ್ಯೆ

ನೀರಿನಲ್ಲಿ ಮುಳುಗಿಸುವುದು, ಬಿಸಿನೀರು ಸುರಿಯುವುದು ಬೇಡ. ಕೊಲ್ಲಲೇಬೇಕೆಂದರೆ ಗೋಣಿಯೊಳಗೆ ಹಾಕಿ ತಲೆಗೆ ಒಂದೇ ಪೆಟ್ಟು. ಕೇಳಲು ಕಷ್ಟ, ಆದರೆ ಅದಕ್ಕೆ ಅದೇ ಕಡಿಮೆ ಕಷ್ಟ. ಕೈಗೆ ಗ್ಲೌಸು ಇರಲಿ, ಎರಡು ಅಡಿ ಆಳದಲ್ಲಿ ಹೂಳಿ.

ಕೆಳಗಿನಗದ್ದೆ (ಆರು ವಾರದ ನಂತರ)

ಕೊಯ್ಲಿನ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ನಡೆದದ್ದು ಹೇಳುತ್ತೇನೆ.

ಮೊದಲ ಭಾನುವಾರ ಸಿಪ್ಪೆಯ ರಾಶಿ ಸರಿಸಿದೆವು. ಕೆಳಗೆ ಹನ್ನೆರಡು ಬಿಲದ ಬಾಯಿ. ನಾಯಿ ಆ ದಿನ ಒಂಬತ್ತು ಹಿಡಿಯಿತು, ಅದರ ಜನ್ಮ ಸಾರ್ಥಕವಾಯಿತು. ಸಿಪ್ಪೆಯೆಲ್ಲ ತೋಟದ ಬುಡಕ್ಕೆ ಹೋಯಿತು. ಹುಲ್ಲಿನ ಬಣವೆಯನ್ನು ಗೋಡೆಯಿಂದ ದೂರಕ್ಕೆ, ಕಲ್ಲುಕಂಬದ ಅಟ್ಟಣಿಗೆಯ ಮೇಲೆ ಒಟ್ಟಿದೆವು. ಹಿಂಡಿಗೆ, ಕೋಳಿಯ ಕಾಳಿಗೆ ಮುಚ್ಚಳವಿರುವ ಎರಡು ಹಳೆಯ ತಗಡಿನ ಡ್ರಮ್ಮು ತಂದೆವು, ಎರಡಕ್ಕೆ ಒಂದು ಸಾವಿರದ ನಾನೂರು. ಕೋಳಿಗೂಡಿಗೆ ಅರ್ಧ ಇಂಚಿನ ಜಾಲರಿ ಹೊಡೆದು, ಬುಡದಲ್ಲಿ ಒಂದು ಅಡಿ ಮಣ್ಣಿನೊಳಕ್ಕೂ ಇಳಿಸಿದೆವು. ಸಂಜೆ ಉಳಿದ ಕಾಳು ಗುಡಿಸುವ ಕೆಲಸ ಮಗಳದು. ಒಂದು ಕಾಳು ಕಂಡರೂ ನನ್ನನ್ನು ಕರೆಯುತ್ತಾಳೆ.

ಬೋನು ಐದು ಕೊಂಡೆವು, ಮೂರು ಪಕ್ಕದ ಮನೆಯಿಂದ ತಂದೆವು. ನೆಂಟರ ಮನೆ ಉಪಾಯ ಮಾಡಿದೆವು. ಆರನೆಯ ಬೆಳಗ್ಗೆ ನಾಲ್ಕು, ಏಳನೆಯ ಬೆಳಗ್ಗೆ ಆರು. ಒಟ್ಟು ಇಪ್ಪತ್ತೇಳು. ಅಟ್ಟದವು ಒಣಮೀನನ್ನು ಮೂಸಿಯೂ ನೋಡಲಿಲ್ಲ, ಬಜ್ಜಿಗೆ ಬಿದ್ದವು. ಮಾಡಿಗೆ ತಾಗುತ್ತಿದ್ದ ಹಲಸಿನ ಕೊಂಬೆ ಕಡಿದ ಮೇಲೆ ಅಟ್ಟ ಬಹುಮಟ್ಟಿಗೆ ಶಾಂತವಾಗಿದೆ.

ಗದ್ದೆಯದ್ದು ಈ ವರ್ಷ ತಡವಾಯಿತು. ಅಂಚಿನ ಎರಡು ಮಡಿಗಳಲ್ಲಿ ಅರ್ಧ ಹೋಯಿತು. ಬೇಸಿಗೆಯಲ್ಲಿ ಬದು ಅಗೆಯುವುದಕ್ಕೆ ಬಯಲಿನ ಆರು ಮನೆಗಳಲ್ಲಿ ನಾಲ್ಕು ಒಪ್ಪಿವೆ. ಐದನೆಯವರು ಯೋಚಿಸುತ್ತೇನೆ ಎಂದಿದ್ದಾರೆ. ಆರನೆಯವರು ನಮ್ಮ ಜೊತೆ ಮಾತು ಬಿಟ್ಟು ಎಂಟು ವರ್ಷವಾಯಿತು, ಅವರ ಬದುವೇ ಎಲ್ಲಕ್ಕಿಂತ ದಪ್ಪ.

ಕಪ್ಪು ಪುಡಿಯನ್ನು ಬಳಸಲಿಲ್ಲ. ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಿಲ್ಲ. ಹೊಳೆಗೆ ಎಸೆಯುವುದಂತೂ ಇಲ್ಲ. ಏನು ಮಾಡಲಿ?

ಹಳೆಯ ಕೃಷಿ ಸಹಾಯಕ

ಒದ್ದೆ ತಾಗಿಸಬೇಡಿ, ಸುಡಬೇಡಿ, ತಿಪ್ಪೆಗೆ ಹಾಕಬೇಡಿ. ಪೊಟ್ಟಣ ಬಿಚ್ಚದೆ ಡಬ್ಬಿಯಲ್ಲಿ ಮುಚ್ಚಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಕೇಳಿ. ಆರನೆಯ ಮನೆಯವರ ಹತ್ತಿರ ಅತ್ತೆಯವರನ್ನು ಕಳಿಸಿ ನೋಡಿ, ನೀವು ಹೋಗಬೇಡಿ.

ಕೆಳಗಿನಗದ್ದೆ

ಮಾತು ಬಿಟ್ಟವರು ಅತ್ತೆಯವರೇ ರಾಯರೇ.

ಕಬ್ಬಿನಗದ್ದೆ

ಹಾಗಾದರೆ ನಾಯಿಯನ್ನು ಕಳಿಸಿ ಅಕ್ಕ.